ಗುಡಿಸುವವರಿಗೆ ನೇರ ಪಾವತಿ, ಹೊರುವವರಿಗೆ ಗುತ್ತಿಗೆ: ಪೌರಾಡಳಿತ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪೌರಾಡಳಿತ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಕಸದ ಗಾಡಿಗಳ ಚಾಲಕರು, ಹೆಲ್ಪರ್‌ಗಳು ಮತ್ತು ಲೋಡರ್‌ಗಳನ್ನು ಹೊರಗುತ್ತಿಗೆಯಿಂದ ಬಿಡಿಸಿ ನೇರ ಪಾವತಿಗೆ ತರುವ ಬಗ್ಗೆ.

ಮಾನ್ಯರೇ,

ನಾನು ಒಂದು ತಾಲ್ಲೂಕು ಕೇಂದ್ರದ ಪುರಸಭೆಯಲ್ಲಿ ಕಸದ ಆಟೋ ಟಿಪ್ಪರ್ ಓಡಿಸುತ್ತೇನೆ. ನಮ್ಮ ಊರಿನ ಚಾಲಕರು, ಹೆಲ್ಪರ್‌ಗಳು, ಲೋಡರ್‌ಗಳು ಸೇರಿ ಕಟ್ಟಿಕೊಂಡ ಸಂಘದ ಕಾರ್ಯದರ್ಶಿಯೂ ಹೌದು. ಊರಿನ ಹೆಸರನ್ನು ಇಲ್ಲಿ ಬರೆದಿಲ್ಲ. ಬರೆದರೆ ನಾಳೆ ಬೆಳಗ್ಗೆ ನಮ್ಮ ಗಾಡಿಗಳ ಕೀ ಬೇರೆಯವರ ಕೈಯಲ್ಲಿರುತ್ತದೆ. ತಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ ಪ್ರತಿಯಲ್ಲಿ ಊರು, ಹೆಸರು, ಸಹಿ ಎಲ್ಲವೂ ಇದೆ.

ನಮ್ಮದು ಒಂದೇ ಪ್ರಶ್ನೆ. ಬೀದಿ ಒಂದೇ, ಕಸವೂ ಒಂದೇ. ಅದನ್ನು ಗುಡಿಸುವವರು ಪುರಸಭೆಯ ಜನ. ಹೊತ್ತು ಸಾಗಿಸುವವರು ಕಂಟ್ರಾಕ್ಟರನ ಜನ. ಇದು ಯಾವ ನ್ಯಾಯ?

ಮೊದಲು ಆಗಿರುವ ಒಳ್ಳೆಯದನ್ನು ಹೇಳಿಬಿಡುತ್ತೇನೆ. ಪೌರಕಾರ್ಮಿಕರ ಗುತ್ತಿಗೆ ಪದ್ಧತಿ ತೆಗೆಯುವುದಾಗಿ 2017ರಲ್ಲಿ ಸರ್ಕಾರ ತೀರ್ಮಾನ ಮಾಡಿತು. ನಂತರ ನೇರ ಪಾವತಿ ಬಂತು. ಸಂಬಳ ಕಂಟ್ರಾಕ್ಟರನ ಕೈ ದಾಟದೆ ಸ್ಥಳೀಯ ಸಂಸ್ಥೆಯಿಂದಲೇ ಖಾತೆಗೆ ಬರತೊಡಗಿತು. 2022ರ ಜುಲೈ 1ರಿಂದ ರಾಜ್ಯದಾದ್ಯಂತ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಲಿಖಿತ ಭರವಸೆ ಸಿಕ್ಕ ಮೇಲೆಯೇ ಮುಷ್ಕರ ನಿಂತಿದ್ದು. ಅದೇ ವರ್ಷ 11,133 ಜನರನ್ನು ಖಾಯಂ ಮಾಡಲು ಸಚಿವ ಸಂಪುಟ ಒಪ್ಪಿತು. 2025ರ ಮೇ 1ರಂದು, ಕಾರ್ಮಿಕರ ದಿನವೇ, ಬೆಂಗಳೂರಿನ 12,692 ಪೌರಕಾರ್ಮಿಕರಿಗೆ ಮುಖ್ಯಮಂತ್ರಿಗಳು ನೇಮಕಾತಿ ಪತ್ರ ಕೊಟ್ಟರು. ಅದನ್ನು ನಾವು ಮೊಬೈಲಿನಲ್ಲಿ ನೋಡಿದೆವು. ಹೊಟ್ಟೆಕಿಚ್ಚು ಪಡಲಿಲ್ಲ. ಅವರು ಹೋರಾಡಿ ಪಡೆದುಕೊಂಡರು. ನಮ್ಮ ಕಡೆಯವರೂ ಆ ಹೋರಾಟದಲ್ಲಿದ್ದರು, ಚಾಲಕರು, ಹೆಲ್ಪರ್‌ಗಳು, ಲೋಡರ್‌ಗಳ ಮಾತೂ 2022ರ ಬೇಡಿಕೆಗಳಲ್ಲಿತ್ತು. ಬಾಗಿಲು ತೆರೆದಾಗ ಮಾತ್ರ ನಾವು ಹೊರಗೇ ಉಳಿದೆವು.

ಯಾಕೆ ಎಂದು ಕೇಳಿದರೆ ಅಧಿಕಾರಿಗಳು ಹೇಳುವುದು ಇಷ್ಟೆ: "ನೀವು ಪೌರಕಾರ್ಮಿಕರಲ್ಲ, ಡ್ರೈವರ್‌ಗಳು." ಈ ಮಾತಿಗೆ ಸ್ವಲ್ಪ ಹಿಂದಕ್ಕೆ ಹೋಗಿ ಉತ್ತರ ಹೇಳಬೇಕು. ಪೌರಕಾರ್ಮಿಕರ ಸ್ಥಿತಿಗತಿ ನೋಡಲು ಸರ್ಕಾರ ನೇಮಿಸಿದ್ದ ಐ.ಪಿ.ಡಿ. ಸಾಲಪ್ಪನವರ ಸಮಿತಿ 1970ರ ದಶಕದಲ್ಲಿ ವರದಿ ಕೊಟ್ಟಿತು. ಪ್ರತಿ 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಬೇಕು ಎಂದಿತು. ಸರ್ಕಾರ ಅದನ್ನು 700ಕ್ಕೆ ಒಬ್ಬ ಎಂದು ಮಾಡಿಕೊಂಡಿತು, ಅದು ಬೇರೆ ಕಥೆ. ಆದರೆ ಸಾಲಪ್ಪನವರ ಕಾಲದಲ್ಲಿ ಮನೆ ಬಾಗಿಲಿಗೆ ಗಾಡಿ ಬರುತ್ತಿರಲಿಲ್ಲ. ಜನ ಬೀದಿ ಮೂಲೆಯ ತೊಟ್ಟಿಗೆ ಕಸ ಸುರಿಯುತ್ತಿದ್ದರು. ಮನೆಮನೆಯಿಂದ ಕಸ ತೆಗೆದುಕೊಳ್ಳಬೇಕು ಎಂದು ದೇಶಕ್ಕೆಲ್ಲ ನಿಯಮ ಬಂದಿದ್ದು 2000ನೇ ಇಸವಿಯಲ್ಲಿ. ಹಸಿ ಕಸ, ಒಣ ಕಸ ಬೇರೆ ಮಾಡುವುದು ಬಿಗಿಯಾಗಿದ್ದು 2016ರ ನಿಯಮಗಳಿಂದ. ಅಂದರೆ ಊರು ಸ್ವಚ್ಛ ಮಾಡುವ ಕೆಲಸದ ದೊಡ್ಡ ಪಾಲು ಪೊರಕೆಯಿಂದ ಗಾಡಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಕೆಲಸ ಗಾಡಿ ಹತ್ತಿತು, ಕೆಲಸಗಾರನ ಹಕ್ಕು ಮಾತ್ರ ಹತ್ತಲಿಲ್ಲ.

ನಮ್ಮ ದಿನ ಹೇಗಿರುತ್ತದೆ ಎಂದು ಹೇಳುತ್ತೇನೆ. ಬೆಳಗ್ಗೆ ಐದೂವರೆಗೆ ಹಾಜರಿ. ಹಾಜರಿ ತೆಗೆದುಕೊಳ್ಳುವವರು ಪುರಸಭೆಯ ದಫೇದಾರರು. ಯಾವ ವಾರ್ಡ್, ಯಾವ ರೂಟ್ ಎಂದು ಹೇಳುವವರು ಆರೋಗ್ಯ ನಿರೀಕ್ಷಕರು. ಗಾಡಿಯ ಮೇಲೆ ಪುರಸಭೆಯ ಹೆಸರಿದೆ. ಗಾಡಿ ಬರಲಿಲ್ಲ ಎಂದು ಜನ ಫೋನ್ ಮಾಡುವುದು ಪುರಸಭೆಗೆ, ಬೈಸಿಕೊಳ್ಳುವುದು ನಾವು. ಕಂಟ್ರಾಕ್ಟರನ ಮುಖವನ್ನು ನಮ್ಮಲ್ಲಿ ಎಷ್ಟೋ ಜನ ನೋಡಿಯೇ ಇಲ್ಲ. ಅವರ ಸೂಪರ್‌ವೈಸರ್ ತಿಂಗಳಿಗೊಮ್ಮೆ ಬೈಕಿನಲ್ಲಿ ಬರುತ್ತಾರೆ. ಸಹಿ ಹಾಕಿಸಿಕೊಂಡು ಹೋಗುತ್ತಾರೆ.

ಹೆಲ್ಪರ್‌ಗಳಲ್ಲಿ ಹೆಂಗಸರೇ ಜಾಸ್ತಿ. ಗಾಡಿಯ ಹಾಡು ಕೇಳಿ ಜನ ಬಕೆಟ್ ಹಿಡಿದು ಬರುತ್ತಾರೆ. ಬೇರೆ ಮಾಡಿ ಕೊಡುವವರು ಇದ್ದಾರೆ, ಅವರಿಗೆ ನಮಸ್ಕಾರ. ಒಟ್ಟಿಗೆ ಕಟ್ಟಿ ಎಸೆಯುವವರೂ ಇದ್ದಾರೆ. ಆ ಗಂಟನ್ನು ಬಿಚ್ಚುವುದು ಹೆಲ್ಪರ್ ಅಕ್ಕ. ಅದರೊಳಗೆ ಒಡೆದ ಬಲ್ಬು, ಬ್ಲೇಡು, ಮಗುವಿನ ಡೈಪರ್, ಪೇಪರ್ ಕೂಡ ಸುತ್ತದ ಪ್ಯಾಡು. ಬೆಳಗ್ಗೆ ಐದೂವರೆಯಿಂದ ಮಧ್ಯಾಹ್ನ ಎರಡರವರೆಗೆ ಅವರಿಗೆ ಹೋಗಲು ಒಂದು ಶೌಚಾಲಯವಿಲ್ಲ. ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡಿದ್ದಾರೆ. ಲೋಡರ್‌ಗಳದ್ದು ಇನ್ನೊಂದು ಬಗೆ. ಲಾರಿಯ ಮೇಲೆ ಹತ್ತಿ ಕಸವನ್ನು ತುಳಿದು ಅಮುಕಬೇಕು. ಮಳೆಗಾಲದಲ್ಲಿ ಕಸದ ನೀರು ಬೆನ್ನ ಮೇಲೆಯೇ ಇಳಿಯುತ್ತದೆ. ಆಯುಧಪೂಜೆಯ ಮರುದಿನ ನೋಡಬೇಕು ತಾವು. ಊರ ತುಂಬ ಒಡೆದ ಬೂದುಗುಂಬಳ, ಬಾಳೆಕಂದು, ಹೂವಿನ ರಾಶಿ. ಎಲ್ಲರಿಗೂ ಹಬ್ಬದ ರಜೆ. ನಮಗೆ ಎರಡು ಟ್ರಿಪ್ ಜಾಸ್ತಿ, ಕೂಲಿ ಮಾತ್ರ ಅಷ್ಟೇ.

ಸಮವಸ್ತ್ರ, ಹೊಳೆಯುವ ಜಾಕೆಟ್, ಕೈಗವಸು, ರೈನ್‌ಕೋಟ್, ಬೂಟು, ಮಾಸ್ಕ್ ಕೊಡಬೇಕು ಎಂದು 2016ರ ನಿಯಮಗಳಲ್ಲೇ ಬರೆದಿತ್ತು. ನಮಗೆ ವರ್ಷಕ್ಕೊಮ್ಮೆ ಒಂದು ಜಾಕೆಟ್ ಬರುತ್ತದೆ. ಫೋಟೋ ತೆಗೆಯುವ ದಿನ ಬರುತ್ತದೆ.

ಈಗ ದುಡ್ಡಿನ ವಿಷಯ. ಸಂಘದವರು ಮಾಹಿತಿ ಹಕ್ಕಿನಲ್ಲಿ ಟೆಂಡರಿನ ಪ್ರತಿ ತೆಗೆಸಿದೆವು. ಅದರಲ್ಲಿ ಪ್ರತಿ ಚಾಲಕನಿಗೆ, ಪ್ರತಿ ಲೋಡರ್‌ಗೆ ಇಷ್ಟು ಕೂಲಿ, ಇಷ್ಟು ಪಿಎಫ್ (ಭವಿಷ್ಯನಿಧಿ), ಇಷ್ಟು ಇಎಸ್ಐ (ಕಾರ್ಮಿಕರ ಆರೋಗ್ಯ ವಿಮೆ), ಮೇಲೆ ಏಜೆನ್ಸಿಗೆ ಇಷ್ಟು ಸೇವಾ ಶುಲ್ಕ ಎಂದು ಸಾಲುಸಾಲಾಗಿ ಬರೆದಿದೆ. ಓದುವಾಗ ಖುಷಿಯಾಯಿತು. ಆಮೇಲೆ ನಮ್ಮ ಪಾಸ್‌ಬುಕ್ ಪಕ್ಕದಲ್ಲಿಟ್ಟು ನೋಡಿದೆವು. ಕಾಗದದ ಕೂಲಿಗೂ ಕೈಗೆ ಸಿಗುವ ಕೂಲಿಗೂ ತಿಂಗಳಿಗೆ ಸಾವಿರಗಳ ಅಂತರ. ಪಂಕ್ಚರ್ ಆದರೆ ಕಡಿತ, ಗಾಡಿಗೆ ಗೀಚು ಬಿದ್ದರೆ ಕಡಿತ, ಜ್ವರ ಬಂದು ಎರಡು ದಿನ ಮಲಗಿದರೆ ನಾಲ್ಕು ದಿನದ ಕಡಿತ. ಕೆಲವರ ಎಟಿಎಂ ಕಾರ್ಡೇ ಸೂಪರ್‌ವೈಸರ್ ಹತ್ತಿರ ಇತ್ತು. ಸಂಬಳ ಬ್ಯಾಂಕಿಗೆ ಪೂರ್ತಿ ಬೀಳುತ್ತದೆ, ದಾಖಲೆ ಸರಿಯಾಗಿರುತ್ತದೆ. ಅವರೇ ಡ್ರಾ ಮಾಡಿ ಉಳಿದದ್ದನ್ನು ಕೈಗೆ ಕೊಡುತ್ತಾರೆ. ಸಂಘ ಆದ ಮೇಲೆ ಕಾರ್ಡುಗಳನ್ನು ವಾಪಸ್ ಇಸಿದುಕೊಂಡೆವು. ನಮ್ಮ ಸಂಘದ ಮೊದಲ ಗೆಲುವು ಅದು. ನಮ್ಮ ಕಾರ್ಡು ನಮ್ಮ ಜೇಬಿಗೆ ಬಂದದ್ದನ್ನೇ ಗೆಲುವು ಎಂದು ಹೇಳಿಕೊಳ್ಳಬೇಕಾಗಿದೆ ನೋಡಿ.

ಪಿಎಫ್ ಲೆಕ್ಕವನ್ನು ತಾವು ಒಮ್ಮೆ ಮಾಡಿ ನೋಡಬೇಕು. ಕೂಲಿ 15,000 ಎಂದಿಟ್ಟುಕೊಳ್ಳಿ. ನಮ್ಮಿಂದ ಶೇ 12, ಅಂದರೆ 1,800 ರೂಪಾಯಿ. ಮಾಲೀಕರಿಂದ ಅಷ್ಟೇ. ತಿಂಗಳಿಗೆ 3,600, ವರ್ಷಕ್ಕೆ 43,200. ಒಬ್ಬನದು ಇಷ್ಟು. ನಮ್ಮ ಪಾಲನ್ನು ಪ್ರತಿ ತಿಂಗಳೂ ತಪ್ಪದೆ ಹಿಡಿಯುತ್ತಾರೆ. ಖಾತೆ ತೆಗೆದು ನೋಡಿದರೆ ಎಷ್ಟೋ ತಿಂಗಳು ಖಾಲಿ. ಏಜೆನ್ಸಿ ಬದಲಾದಾಗ ಕೆಲವರಿಗೆ ಪಿಎಫ್‌ನ ಹಳೆಯ ನಂಬರ್ ಬಿಟ್ಟು ಹೊಸ ನಂಬರನ್ನೇ (ಯುಎಎನ್) ಮಾಡಿದ್ದಾರೆ. ಹಳೆಯ ದುಡ್ಡು ಕೇಳಿದರೆ ಹಳೆಯ ಏಜೆನ್ಸಿಯವರನ್ನು ಕೇಳಿ ಅನ್ನುತ್ತಾರೆ. ಅವರ ಫೋನ್ ಸ್ವಿಚ್ ಆಫ್.

ನಮ್ಮ ಒಬ್ಬ ಹೆಲ್ಪರ್ ಹುಡುಗನ ಅಂಗೈಗೆ ಕಸದಲ್ಲಿದ್ದ ಇಂಜೆಕ್ಷನ್ ಸೂಜಿ ಚುಚ್ಚಿತು. ಇಎಸ್ಐ ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದೆವು. ಹೊಸ ಏಜೆನ್ಸಿ ಬಂದ ಮೇಲೆ ಅವನ ಹೆಸರಿನಲ್ಲಿ ಒಂದು ರೂಪಾಯಿಯೂ ಕಟ್ಟಿರಲಿಲ್ಲ. ಕಂಪ್ಯೂಟರಿನಲ್ಲಿ ಅವನು ಕೆಲಸದಲ್ಲೇ ಇಲ್ಲ. ಸಂಬಳದಿಂದ ಮಾತ್ರ ಇಎಸ್ಐ ಎಂದು ಹಿಡಿದಿದ್ದರು. ಕೊನೆಗೆ ಚಂದಾ ಎತ್ತಿ ಖಾಸಗಿಯಲ್ಲಿ ತೋರಿಸಿದೆವು. ಕಾಮಾಲೆಗೆ, ಎಚ್ಐವಿಗೆ ಪರೀಕ್ಷೆ ಮಾಡಿಸಿ ಫಲಿತಾಂಶಕ್ಕೆ ಕಾಯುವಾಗ ಆ ಹುಡುಗ ಮನೆಯಲ್ಲಿ ಮಗುವನ್ನೂ ಎತ್ತಿಕೊಳ್ಳುತ್ತಿರಲಿಲ್ಲ. ಏನೂ ಆಗಿರಲಿಲ್ಲ, ದೇವರು ದೊಡ್ಡವನು. ಆ ದಿನಗಳ ಕೂಲಿ ಮಾತ್ರ ಸಿಗಲಿಲ್ಲ.

ಟೆಂಡರ್ ಮುಗಿದಾಗಲೆಲ್ಲ ನಾವೆಲ್ಲ ಹೊಸಬರು. ಗಾಡಿ ಹಳೆಯದು, ರೂಟ್ ಹಳೆಯದು, ಬೀದಿಯ ನಾಯಿಗಳಿಗೂ ನಮ್ಮ ಗುರುತಿದೆ. ಕಾಗದದಲ್ಲಿ ಮಾತ್ರ ನಿನ್ನೆ ಸೇರಿದವರು. ಹತ್ತು ವರ್ಷ ದುಡಿದವನಿಗೂ ಕೆಲಸ ಬಿಡುವಾಗ ಸಿಗಬೇಕಾದ ಇಡುಗಂಟು, ಗ್ರಾಚ್ಯುಟಿ ಇಲ್ಲ, ಯಾಕೆಂದರೆ ಯಾವ ಏಜೆನ್ಸಿಯ ಕೆಳಗೂ ಐದು ವರ್ಷ ತುಂಬಿಲ್ಲ. ಹೊಸ ಏಜೆನ್ಸಿ ಬಂದಾಗ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎನ್ನುವುದು ಅವರ ಇಷ್ಟ. ಸಂಘಕ್ಕೆ ಸೇರಿದವರ ಹೆಸರು ಮೊದಲು ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಖಾಯಂ ಮಾಡಿ ಎಂದು ಕೇಳಿದ ಕೂಡಲೇ ಉಮಾದೇವಿ ಪ್ರಕರಣದ ತೀರ್ಪನ್ನು ತೋರಿಸುತ್ತಾರೆ. ಅದು ನಮ್ಮ ಕರ್ನಾಟಕದಿಂದಲೇ ಹೋದ ಕೇಸು, 2006ರ ತೀರ್ಪು. ಹಿಂಬಾಗಿಲಿನಿಂದ ಬಂದವರನ್ನು ಖಾಯಂ ಮಾಡುವಂತಿಲ್ಲ ಎನ್ನುವುದು ಅದರ ಸಾರ ಎಂದು ನಮಗೆ ಹೇಳುತ್ತಾರೆ. ಆದರೆ ಅದೇ ಸುಪ್ರೀಂ ಕೋರ್ಟ್ 2016ರಲ್ಲಿ ಜಗಜಿತ್ ಸಿಂಗ್ ಪ್ರಕರಣದಲ್ಲಿ ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಕೊಡಬೇಕು ಎಂದಿತು. 2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು. ಅಲ್ಲಿ ಕೋರ್ಟಿಗೆ ಹೋಗಿದ್ದವರು ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ವರ್ಷಗಟ್ಟಲೆ ಗುಡಿಸಿ ಒರೆಸಿದವರು. ಅವರನ್ನು ತೆಗೆದು ಅದೇ ಕೆಲಸವನ್ನು ಏಜೆನ್ಸಿಗೆ ಕೊಟ್ಟಿದ್ದರು. ಏಜೆನ್ಸಿಗೆ ಕೊಟ್ಟಿರುವುದೇ ಆ ಕೆಲಸ ಸದಾ ಬೇಕಾದದ್ದು ಎಂಬುದನ್ನು ತೋರಿಸುತ್ತದೆ ಎಂದು ಕೋರ್ಟ್ ಹೇಳಿತು. ಉಮಾದೇವಿ ತೀರ್ಪನ್ನು ಇಂಥವರ ವಿರುದ್ಧ ಗುರಾಣಿ ಮಾಡಿಕೊಳ್ಳುವುದನ್ನು ಟೀಕಿಸಿ, ಅವರನ್ನು ಖಾಯಂ ಮಾಡಲು ಆದೇಶ ಕೊಟ್ಟಿತು. ಏಜೆನ್ಸಿ ಮೂಲಕ ಬಂದ ನಮ್ಮ ಸ್ಥಿತಿ ಸ್ವಲ್ಪ ಬೇರೆ ಎಂದು ತಮ್ಮ ಇಲಾಖೆಯ ವಕೀಲರು ವಾದಿಸಬಹುದು. ವಾದಿಸಲಿ. ಆದರೆ ನಮ್ಮನ್ನು ಏಜೆನ್ಸಿ ಮೂಲಕ ತೆಗೆದುಕೊಂಡವರು ಯಾರು? ನಾವು ಕೇಳಿಕೊಂಡು ಹೋದದ್ದಲ್ಲ.

ಇನ್ನು ಹಳೆಯ ಕಾರ್ಮಿಕ ಕಾಯ್ದೆಗಳ ಬದಲು ಕೇಂದ್ರ ತಂದ ಹೊಸ ಕಾರ್ಮಿಕ ಸಂಹಿತೆಗಳು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಅದರಲ್ಲಿ ಒಂದು ಮಾತು ನಮಗೆ ಅನುಕೂಲ, ಒಂದು ಮಾತು ಭಯ. ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ಹಾಕಬಾರದು ಎಂದು ಸುರಕ್ಷತೆಯ ಸಂಹಿತೆಯಲ್ಲಿದೆ, ಕೆಲವು ವಿನಾಯಿತಿಗಳೂ ಇವೆ. ಗುಡಿಸುವುದು, ಕಸ ಸಂಗ್ರಹಿಸುವುದು, ವಿಲೇವಾರಿ ಮಾಡುವುದು ಮುಖ್ಯ ಕೆಲಸವಲ್ಲ ಎಂದೂ ಅಲ್ಲೇ ಬರೆದಿದ್ದಾರೆ. ಆದರೆ ಅದಕ್ಕೊಂದು ಷರತ್ತಿದೆ. ಆ ಸಂಸ್ಥೆ ಅದೇ ಕೆಲಸಕ್ಕಾಗಿ ಹುಟ್ಟಿದ್ದಾಗಿರಬಾರದು. ಬ್ಯಾಂಕಿಗೋ ಬಟ್ಟೆ ಕಾರ್ಖಾನೆಗೋ ಕಸ ಎತ್ತುವುದು ಪಕ್ಕದ ಕೆಲಸ ಇರಬಹುದು. ಪುರಸಭೆಗೆ? 1964ರ ಪುರಸಭೆಗಳ ಕಾಯ್ದೆಯಲ್ಲಿ ಬೀದಿ ಸ್ವಚ್ಛ ಮಾಡುವುದು ಕಡ್ಡಾಯ ಕರ್ತವ್ಯ. ಸಂವಿಧಾನದ 12ನೇ ಅನುಸೂಚಿಯಲ್ಲಿ ಘನತ್ಯಾಜ್ಯ ನಿರ್ವಹಣೆ ಎಂದೇ ಬರೆದಿದೆ. ಕಸ ಎತ್ತುವುದು ಪುರಸಭೆಯ ಮುಖ್ಯ ಕೆಲಸವಲ್ಲದಿದ್ದರೆ ಇನ್ನು ಯಾವುದು? ಕಂದಾಯ ವಸೂಲಿಯೇ?

ಭಯದ ಮಾತು ಇದು. ಹಳೆಯ 1970ರ ಕಾಯ್ದೆ 20 ಜನ ಗುತ್ತಿಗೆ ಕಾರ್ಮಿಕರಿದ್ದರೆ ಅನ್ವಯಿಸುತ್ತಿತ್ತು. ಹೊಸ ಸಂಹಿತೆಯಲ್ಲಿ ಗುತ್ತಿಗೆ ಕಾರ್ಮಿಕರ ಭಾಗಕ್ಕೆ 50 ಜನ ಬೇಕು. ಕಂಟ್ರಾಕ್ಟರ್ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕು ಎಂಬ ರಕ್ಷಣೆ ಅದೇ ಭಾಗದಲ್ಲಿದೆ. ದೊಡ್ಡ ನಗರಗಳಿಗೆ ಇದರಿಂದ ವ್ಯತ್ಯಾಸವಾಗಲಿಕ್ಕಿಲ್ಲ. ಆದರೆ ಚಿಕ್ಕ ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಗಾಡಿಯ ಕೆಲಸಕ್ಕೆ ಐವತ್ತು ಜನ ಎಲ್ಲಿಂದ ಬರಬೇಕು? ರಾಜ್ಯದ ಚಿಕ್ಕ ಊರುಗಳ ಕಸದವರು ಆ ಭಾಗದ ರಕ್ಷಣೆಯನ್ನು ಕಳೆದುಕೊಳ್ಳಬಹುದು. ಈ ವಿಷಯ ತಮ್ಮ ಇಲಾಖೆಯಲ್ಲಿ ಚರ್ಚೆಯಾಗಿದೆಯೋ ಇಲ್ಲವೋ, ಚರ್ಚೆಯಾಗಲೇಬೇಕು.

ಪುರಸಭೆ ಹತ್ತಿರ ದುಡ್ಡಿಲ್ಲ ಎನ್ನುವುದು ಕೊನೆಯ ಉತ್ತರ. ನೇರ ಪಾವತಿಗೆ ಹೊಸ ದುಡ್ಡು ಬೇಕಿಲ್ಲ. ಈಗಲೂ ನಮ್ಮ ಹೆಸರಿನಲ್ಲಿ ಕೂಲಿ, ಪಿಎಫ್, ಇಎಸ್ಐ ಎಲ್ಲವೂ ಪುರಸಭೆಯ ಖಜಾನೆಯಿಂದಲೇ ಹೋಗುತ್ತಿದೆ, ಮೇಲೆ ಏಜೆನ್ಸಿಯ ಶುಲ್ಕವೂ ಹೋಗುತ್ತಿದೆ. ದಾರಿಯಲ್ಲಿ ಸೋರುತ್ತಿದೆ ಅಷ್ಟೆ. ಖಾಯಂ ಮಾಡುವುದಕ್ಕೆ ದುಡ್ಡು ಬೇಕು, ಸಮಯವೂ ಬೇಕು, ಒಪ್ಪುತ್ತೇವೆ. ಅದಕ್ಕೇ ಮೊದಲು ನೇರ ಪಾವತಿ ಎನ್ನುತ್ತಿದ್ದೇವೆ. ಪೊರಕೆ ಹಿಡಿದವರೂ ಇದೇ ಮೆಟ್ಟಿಲು ಹತ್ತಿ ಹೋದವರು.

ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನ ಮಾಡುತ್ತೀರಿ. ನಮ್ಮ ಊರಲ್ಲೂ ಮಾಡುತ್ತಾರೆ. ಶಾಲು, ಹಾರ, ಭಾಷಣ, ಸಿಹಿಯೂಟ. ಕುರ್ಚಿ ತುಂಬಿಕೊಂಡು ಬರುವುದು ನಮ್ಮ ಗಾಡಿಗಳಲ್ಲೇ. ಊಟ ಆದ ಮೇಲೆ ಎಲೆ ಎತ್ತುವುದೂ ನಾವೇ. ಸನ್ಮಾನದ ಪಟ್ಟಿಯಲ್ಲಿ ಹೊರಗುತ್ತಿಗೆಯವರಿಗೆ ಜಾಗವಿಲ್ಲ. ಸುಮ್ನೆ ಹೇಳಿದೆ, ನಮಗೆ ಶಾಲು ಬೇಡ.

ನಮಗೆ ಬೇಕಾದದ್ದು ಇಷ್ಟು. ಕಸದ ಗಾಡಿಗಳ ಚಾಲಕರು, ಹೆಲ್ಪರ್‌ಗಳು, ಲೋಡರ್‌ಗಳನ್ನು ರಾಜ್ಯದ ಎಲ್ಲ ನಗರ ಸ್ಥಳೀಯ ಸಂಸ್ಥೆಗಳಲ್ಲಿ ನೇರ ಪಾವತಿಗೆ ತರುವ ಆದೇಶವನ್ನು ತಾವು ಹೊರಡಿಸಬೇಕು. ಯಾವ ತಾರೀಕಿನಿಂದ ಎಂದು ಅದರಲ್ಲೇ ಬರೆದಿರಬೇಕು. ದಿನಾಂಕವಿಲ್ಲದ ಭರವಸೆಗಳು ನಮ್ಮ ಹತ್ತಿರ ಬೇಕಾದಷ್ಟಿವೆ. ಅಲ್ಲಿಯವರೆಗೆ ಟೆಂಡರ್ ಬದಲಾದರೂ ಈಗ ಕೆಲಸದಲ್ಲಿರುವ ಯಾರನ್ನೂ ತೆಗೆಯಬಾರದು ಎಂಬ ಷರತ್ತನ್ನು ಪ್ರತಿ ಟೆಂಡರಿನಲ್ಲೂ ಸೇರಿಸಬೇಕು. ಹಿಂದಿನ ತಿಂಗಳ ಪಿಎಫ್, ಇಎಸ್ಐ ಪ್ರತಿಯೊಬ್ಬರ ಹೆಸರಿಗೂ ಕಟ್ಟಿದ ಚಲನ್ ನೋಡದೆ ಮುಖ್ಯಾಧಿಕಾರಿಗಳು ಕಂಟ್ರಾಕ್ಟರನ ಬಿಲ್ಲಿಗೆ ಸಹಿ ಹಾಕಬಾರದು, ಆ ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಬೇಕು. ಸಂಬಳ 7ನೇ ತಾರೀಕಿನೊಳಗೆ ಬರಬೇಕು, ಕಾನೂನೇ ಹಾಗೆ ಹೇಳುತ್ತದೆ. ವಾರಕ್ಕೊಂದು ರಜೆ ಸಂಬಳದ ಸಮೇತ ಬೇಕು. ಬಾಕಿ ಪಿಎಫ್ ವಿಚಾರಣೆಗೆ ಜಿಲ್ಲಾ ಮಟ್ಟದಲ್ಲಿ ಒಬ್ಬ ಅಧಿಕಾರಿಯನ್ನು ನೇಮಿಸಿ, ಸಂಘದ ಒಬ್ಬರನ್ನು ಜೊತೆಗೆ ಕೂರಿಸಿ. ಹೆಂಗಸರಿಗೆ ಪ್ರತಿ ರೂಟಿನಲ್ಲಿ ಬಳಸಬಹುದಾದ ಒಂದು ಶೌಚಾಲಯ ಗೊತ್ತು ಮಾಡಿಕೊಡಿ. ಇದಕ್ಕೆ ಆದೇಶವೂ ಬೇಡ, ಒಂದು ಫೋನ್ ಸಾಕು.

ನೀರು ಬಿಡುವ ವಾಲ್ವ್‌ಮ್ಯಾನ್‌ಗಳು, ಒಳಚರಂಡಿಯವರು, ಕಚೇರಿಯ ಕಂಪ್ಯೂಟರ್ ಆಪರೇಟರ್‌ಗಳೂ ನಮ್ಮ ಹಾಗೆಯೇ ಹೊರಗುತ್ತಿಗೆಯಲ್ಲಿದ್ದಾರೆ. ಅವರ ಮಾತನ್ನು ಅವರೇ ಬರೆಯುತ್ತಾರೆ, ಆದರೆ ತಮ್ಮ ಫೈಲಿನಲ್ಲಿ ಅವರೂ ಇರಲಿ.

ಇದನ್ನು ಓದುತ್ತಿರುವ ಊರಿನ ಜನರಿಗೂ ಒಂದು ಮಾತು. ಗಾಡಿ ಬರದ ದಿನ ಪುರಸಭೆಗೆ ಫೋನ್ ಮಾಡುತ್ತೀರಲ್ಲ, ಇನ್ನು ಮೇಲೆ ಇದನ್ನೂ ಕೇಳಿ: ಈ ತಿಂಗಳು ಅವರಿಗೆ ಸಂಬಳ ಆಯಿತಾ? ನಿಮ್ಮ ವಾರ್ಡಿನ ಸದಸ್ಯರನ್ನೂ ಕೇಳಿ. ನಾವು ಕೇಳಿದರೆ ಗಲಾಟೆ ಅನ್ನುತ್ತಾರೆ. ನೀವು ಕೇಳಿದರೆ ಉತ್ತರ ಹುಡುಕುತ್ತಾರೆ.

ಮಾನ್ಯರೇ, ಮುಷ್ಕರಕ್ಕೆ 14 ದಿನ ಮೊದಲು ನೋಟಿಸ್ ಕೊಡಬೇಕು ಎಂದು ಹೊಸ ಸಂಹಿತೆ ಹೇಳುತ್ತದೆ. ಕಾನೂನು ಮೀರುವ ಇರಾದೆ ನಮಗಿಲ್ಲ. ಈ ಪತ್ರ ತಲುಪಿದ ಒಂದು ತಿಂಗಳೊಳಗೆ ತಾವು ಲಿಖಿತ ಉತ್ತರ ಕೊಡಬೇಕು, ನಮ್ಮಂಥ ಸಂಘಗಳನ್ನು ಮಾತುಕತೆಗೆ ಕರೆಯಬೇಕು ಎಂದು ವಿನಂತಿ. ಉತ್ತರ ಬರದಿದ್ದರೆ ನೋಟಿಸ್ ಕೊಡಲು ಸಂಘದ ಸಭೆ ತೀರ್ಮಾನಿಸಿದೆ. ನೋಟಿಸಿನ ಕರಡು ಸಿದ್ಧವಿದೆ, ತಾರೀಕು ಮಾತ್ರ ತುಂಬಬೇಕು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ,
ಪುರಸಭೆ ಕಸದ ಗಾಡಿ ಚಾಲಕರು, ಹೆಲ್ಪರ್‌ಗಳು ಮತ್ತು ಲೋಡರ್‌ಗಳ ಪರವಾಗಿ

ಪ್ರತಿ: ಕಾರ್ಮಿಕ ಸಚಿವರಿಗೆ, ಪೌರಾಡಳಿತ ನಿರ್ದೇಶಕರಿಗೆ, ನಮ್ಮ ಜಿಲ್ಲಾಧಿಕಾರಿಗಳಿಗೆ.